ಎಸ್‌ಎಸ್‌ಎಲ್‌ಸಿ ಮುಗಿಸಿದ ಹುಡುಗಿಗೆ ಮನೆ ಪ್ಲಾನ್ ಬರೆಯುವ ಕೆಲಸ ಕಲಿಯಬೇಕಂತೆ. ಎಲ್ಲಿಂದ ಶುರು ಮಾಡುವುದು?

ಮೂಡುಬಿದಿರೆ ಮಾವ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳ ವಿಷಯ ಕೇಳಬೇಕಿತ್ತು. ಈ ಸಲ ಎಸ್‌ಎಸ್‌ಎಲ್‌ಸಿ ಮುಗಿಯಿತು, 78 ಪರ್ಸೆಂಟ್. ಕನ್ನಡ ಮೀಡಿಯಂ. ಲೆಕ್ಕ ಚೆನ್ನಾಗಿದೆ, ಇಂಗ್ಲಿಷ್ ಸ್ವಲ್ಪ ಕಷ್ಟ. ಮನೆಯಲ್ಲಿ ಎಲ್ಲರೂ ಪಿಯು ಸೈನ್ಸ್ ಎನ್ನುತ್ತಿದ್ದಾರೆ. ಇವಳದ್ದು ಮಾತ್ರ ಒಂದೇ ಹಟ, ಮನೆ ಡಿಸೈನ್ ಮಾಡುವ ಕೆಲಸ ಕಲಿಯಬೇಕು ಅಂತ. ಚಿಕ್ಕಂದಿನಿಂದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲೆಲ್ಲ ಮನೆಯ ಪ್ಲಾನ್ ಬರೆಯುತ್ತಾಳೆ. ನಮ್ಮ ಮನೆಯಲ್ಲಿ ಇಲ್ಲದ್ದೆಲ್ಲ ಅದರಲ್ಲಿ ಉಂಟು, ಅಟ್ಯಾಚ್ಡ್ ಬಾತ್‌ರೂಮ್ ಸಮೇತ.

ಭಾವನದ್ದು ಸಣ್ಣ ಗ್ಯಾರೇಜ್. ಐದು ವರ್ಷದ ಕೋರ್ಸಿಗೆ ಲಕ್ಷಗಟ್ಟಲೆ ಸುರಿಯುವ ಶಕ್ತಿ ಈಗ ಇಲ್ಲ. ಮಂಗಳೂರಿನಲ್ಲಿ ಒಂದು ಕಡೆ ವಿಚಾರಿಸಿದೆವು. ಆರು ತಿಂಗಳಲ್ಲಿ ಬಿಲ್ಡಿಂಗ್ ಡಿಸೈನ್ ಪೂರ್ತಿ ಕಲಿಸುತ್ತೇವೆ, ಕೆಲಸ ಗ್ಯಾರಂಟಿ, ಫೀಸು 70,000 ಎಂದರು. ಕಂತಿನಲ್ಲಿ ಕೊಟ್ಟರೂ ಆಗುತ್ತದಂತೆ. ಸೇರಿಸಬಹುದಾ? ಈ ಕೆಲಸದಲ್ಲಿ ಇರುವವರು ಹೇಳಿ.

ಗ್ಯಾರಂಟಿ ಗಿರಾಕಿ

ಬೇಡ. ಮೊದಲು ಅದನ್ನು ಹೇಳಿಬಿಡುತ್ತೇನೆ, ಕಥೆ ಆಮೇಲೆ.

ನಾನು ಬಿಕಾಂ ಮುಗಿಸಿ ಇಂಥದ್ದೇ ಒಂದು ಕೋರ್ಸಿಗೆ ಸೇರಿದ್ದೆ. ಎಲ್ಲಿ ಅಂತ ಕೇಳಬೇಡಿ, ಅಲ್ಲಿ ಈಗ ಬೋರ್ಡೂ ಬದಲಾಗಿದೆ. ನಾಲ್ಕು ತಿಂಗಳು, 55,000 ರೂಪಾಯಿ. ಎಸಿ ರೂಮು, ಹೊಸ ಕಂಪ್ಯೂಟರು. ಒಂದು ಪುಸ್ತಕ ಕೊಟ್ಟಿದ್ದರು. ಅದರಲ್ಲಿರುವ ಪ್ಲಾನನ್ನು ನೋಡಿ ನೋಡಿ ಆಟೋಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಬರೆಯುವುದು, ಅಷ್ಟೇ ಪಾಠ. ಎಲ್ ಹೊಡೆದರೆ ಲೈನ್, ಟಿಆರ್ ಹೊಡೆದರೆ ಟ್ರಿಮ್. ಕಮಾಂಡ್ ಎಲ್ಲ ಬಾಯಿಪಾಠ ಆಗಿತ್ತು. ಕೈ ಓಡುವ ಸ್ಪೀಡ್ ನೋಡಿ ನನಗೆ ನನ್ನ ಮೇಲೇ ಭಾರಿ ಅಭಿಮಾನ.

ಕೋರ್ಸ್ ಮುಗಿದ ಮೇಲೆ ಬಲ್ಮಠದ ಒಂದು ಆಫೀಸಿಗೆ ಇಂಟರ್‌ವ್ಯೂಗೆ ಹೋದೆ. ಅಲ್ಲಿನ ಮೇಡಂ ನನ್ನನ್ನು ಕಂಪ್ಯೂಟರ್ ಹತ್ತಿರ ಕರೆದುಕೊಂಡು ಹೋಗಲೇ ಇಲ್ಲ. ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ಮುಂದಿಟ್ಟರು. "ಈಗ ಹತ್ತಿ ಬಂದ್ರಲ್ಲ, ಆ ಮೆಟ್ಟಿಲಿನ ಸೆಕ್ಷನ್ ಬರೆಯಿರಿ" ಎಂದರು. ಸೆಕ್ಷನ್ ಎಂದರೆ ಮೇಲಿಂದ ಕೆಳಗೆ ಕಡಿದು ಪಕ್ಕದಿಂದ ನೋಡಿದ ಹಾಗೆ ಬರೆಯುವ ಚಿತ್ರ. ಎಷ್ಟು ಮೆಟ್ಟಿಲು ಹತ್ತಿದೆ, ಒಂದೊಂದು ಎಷ್ಟು ಎತ್ತರ, ಮೇಲಿನ ಸ್ಲ್ಯಾಬ್ ಎಲ್ಲಿ ಬಂದು ಕೂರುತ್ತದೆ, ಒಂದೂ ಗೊತ್ತಿಲ್ಲ. ಪುಸ್ತಕದಲ್ಲಿ ಇದ್ದ ಹಾಗೆ ಸಾಲಾಗಿ ಗೆರೆ ಎಳೆದು ಕೊಟ್ಟೆ. ಬೈಯಲಿಲ್ಲ ಪಾಪ. ಚಾ ಕುಡಿಸಿ ಕಳಿಸಿದರು.

ಆ ಕೆಲಸ ಗ್ಯಾರಂಟಿ ಎಂದರೆ ಏನು ಗೊತ್ತಾ? ಮೂರು ಆಫೀಸಿನ ಫೋನ್ ನಂಬರ್ ವಾಟ್ಸಾಪ್ ಮಾಡಿದ್ದು. ಈಗ ಬ್ಯಾಂಕಿನಲ್ಲಿದ್ದೇನೆ. ಮನೆ ಸಾಲದ ಫೈಲಿನಲ್ಲಿ ಪ್ಲಾನ್ ಬಂದರೆ ಮೊದಲು ಮೆಟ್ಟಿಲನ್ನೇ ನೋಡುವುದು.

ಗೆರೆಗಾರ

ಉಡುಪಿಯ ಒಂದು ಆಫೀಸಿನಲ್ಲಿ 14 ವರ್ಷದಿಂದ ಡ್ರಾಫ್ಟ್ಸ್‌ಮನ್, ಎಂದರೆ ಡ್ರಾಯಿಂಗ್ ಬರೆಯುವವ ನಾನು. ಗ್ಯಾರಂಟಿಯವರು ಹೇಳಿದ್ದು ನೂರಕ್ಕೆ ನೂರು ನಿಜ. ಆಟೋಕ್ಯಾಡ್ ಬಂದದ್ದು 1982ರಲ್ಲಿ. ಅದಕ್ಕಿಂತ ಮುಂಚೆಯೂ ಜನ ಮನೆ ಕಟ್ಟುತ್ತಿದ್ದರಲ್ಲ.

ಮಾವ, ನಿಮ್ಮ ಹುಡುಗಿಗೆ ಹತ್ತನೇ ಕ್ಲಾಸಿನ ಮೇಲೆ ನೇರ ದಾರಿ ಎರಡು. ಒಂದು ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಟ್ರೇಡ್, ಎರಡು ವರ್ಷ. ಇನ್ನೊಂದು ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ. ಆರ್ಕಿಟೆಕ್ಚರ್ ಡಿಪ್ಲೊಮಾ ಅಂತಲೇ ಬೇರೆ ಉಂಟು, ಆದರೆ ಎಲ್ಲ ಪಾಲಿಟೆಕ್ನಿಕ್‌ನಲ್ಲಿ ಇಲ್ಲ. ಸಿವಿಲ್ ಹತ್ತಿರದಲ್ಲೇ ಸಿಗುತ್ತದೆ. ಮಂಗಳೂರಿನ ಸರ್ಕಾರಿ ಪಾಲಿಟೆಕ್ನಿಕ್ ಕೆಪಿಟಿ 1946ರಿಂದ ಉಂಟು, ಕದ್ರಿ ಗುಡ್ಡೆಯಲ್ಲಿ. ಸರ್ಕಾರಿ ಫೀಸು, ಬಸ್ಸು ಬಾಗಿಲಲ್ಲೇ ನಿಲ್ಲುತ್ತದೆ. ಮೂಡುಬಿದಿರೆಯಿಂದ ದಿನಾ ಹೋಗಿ ಬರುವವರು ಬೇಕಾದಷ್ಟು ಜನ ಇದ್ದಾರೆ.

ನಾನು ಐಟಿಐಯವನು. ಎರಡು ವರ್ಷ ಡ್ರಾಯಿಂಗ್ ಬೋರ್ಡಿನ ಮೇಲೆ ಬಗ್ಗಿ ಬಗ್ಗಿ ಬೆನ್ನು ನೋವು ಬಂದಿತ್ತು. ಗೆರೆಯ ದಪ್ಪ ಸರಿ ಇಲ್ಲದಿದ್ದರೆ ಮೇಷ್ಟ್ರು ಶೀಟು ಹರಿದೇ ಹಾಕುತ್ತಿದ್ದರು. ಕಡಿದ ಗೋಡೆಗೆ ದಪ್ಪ ಗೆರೆ, ಆಚೆ ಕಾಣುವುದಕ್ಕೆ ತೆಳು, ತಲೆಯ ಮೇಲಿರುವ ಸನ್‌ಶೇಡಿಗೆ ಚುಕ್ಕೆ ಗೆರೆ. ಅವತ್ತು ಬೈದುಕೊಂಡಿದ್ದೆ. ಇವತ್ತು ಹೊಸ ಹುಡುಗರ ಡ್ರಾಯಿಂಗ್ ನೋಡುವಾಗ ಅದೇ ಮೇಷ್ಟ್ರು ನೆನಪಾಗುತ್ತಾರೆ. ಎಲ್ಲ ಗೆರೆಯೂ ಒಂದೇ ದಪ್ಪ, ಯಾವುದು ಗೋಡೆ, ಯಾವುದು ಟೈಲ್ಸ್ ಎಂದೇ ತಿಳಿಯುವುದಿಲ್ಲ.

ಐಟಿಐ ಮಾಡಿದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರಬಹುದಿತ್ತು. ನಾನು ಹೋಗಲಿಲ್ಲ. ಸಂಬಳ ಕೈಗೆ ಬಂತಲ್ಲ, ಸಾಕು ಅನಿಸಿತು. ತಿಂಗಳಿಗೆ 4,500. ಅದು ನಾನು ಮಾಡಿದ ತಪ್ಪು. ಹಾಗಾಗಿ ನನ್ನನ್ನು ಕೇಳಿದರೆ ಡಿಪ್ಲೊಮಾನೇ.

ಮೆಟ್ಟಿಲಿನ ವಿಷಯ ಬಂತಲ್ಲ, ನನ್ನದೂ ಒಂದು ಉಂಟು. ಕೆಲಸಕ್ಕೆ ಸೇರಿ ಎರಡನೇ ವರ್ಷ. ಕಾಪು ಕಡೆಯ ಒಂದು ಮನೆ. 14 ಮೆಟ್ಟಿಲು, ಒಂದೊಂದು 6 ಇಂಚು, 7 ಅಡಿಗೆ ಲ್ಯಾಂಡಿಂಗ್, ಎಂದರೆ ಮೆಟ್ಟಿಲು ತಿರುಗುವಲ್ಲಿನ ಚಪ್ಪಟೆ ಜಾಗ. ಅದರ ಅಡಿಯಿಂದ ಹಿಂಬಾಗಿಲಿಗೆ ದಾರಿ ಬಿಟ್ಟಿದ್ದೆ. 7 ಅಡಿ ಧಾರಾಳ ಆಯ್ತು ಎಂದುಕೊಂಡು ಆ ಜಾಗದ ಸೆಕ್ಷನ್ ಬರೆಯಲೇ ಇಲ್ಲ. ಆ 7 ಅಡಿಯೊಳಗೆ ಸ್ಲ್ಯಾಬಿನ ದಪ್ಪ, ಅದರಡಿಯ ಬೀಮು ಎಲ್ಲ ಸೇರಿ 15 ಇಂಚು ಹೋಯಿತು. ಉಳಿದದ್ದು 5 ಅಡಿ 9 ಇಂಚು. ನ್ಯಾಷನಲ್ ಬಿಲ್ಡಿಂಗ್ ಕೋಡ್ ಅಲ್ಲಿ 2.2 ಮೀಟರ್ ಕೇಳುತ್ತದೆ, ಎಂದರೆ 7 ಅಡಿ ಮೇಲೆ ಎರಡು ಇಂಚು ಚಿಲ್ಲರೆ. ಮನೆ ಒಕ್ಕಲಿನ ದಿನ ಅಡುಗೆಯವರು ಇಬ್ಬರು ಸಾರಿನ ಪಾತ್ರೆ ಹಿಡಿದುಕೊಂಡು ಆ ದಾರಿಯಲ್ಲೇ ಬಂದರು. ಮುಂದಿನವರು ಕುಳ್ಳ, ದಾಟಿದರು. ಹಿಂದಿನವರ ಹಣೆಗೆ ಬೀಮು ಬಡಿಯಿತು. ಸಾರು ಅರ್ಧ ಹೋಯಿತು. ಮನೆಯವರು ಈಗಲೂ ಆ ಬೀಮಿಗೆ ಸ್ಪಂಜು ಕಟ್ಟಿಟ್ಟಿದ್ದಾರೆ. ಪೇಟೆಯಲ್ಲಿ ಎದುರು ಸಿಕ್ಕಿದರೆ ನಾನು ದಾರಿ ಬದಲಿಸುತ್ತೇನೆ.

ಜ್ಯೂರಿ ಭಯ

ನಾನು ಬಿಆರ್ಕ್, ಎಂದರೆ ಆರ್ಕಿಟೆಕ್ಚರ್ ಡಿಗ್ರಿ, ಮೂರನೇ ವರ್ಷ. ಅಣ್ಣ ಹೇಳದೆ ಬಿಟ್ಟ ಮೂರನೇ ದಾರಿ ನಮ್ಮದು, ಅದನ್ನೂ ಹೇಳಿಬಿಡುತ್ತೇನೆ.

ಆರ್ಕಿಟೆಕ್ಟ್ ಎಂದು ಹೆಸರಿನ ಜೊತೆ ಹಾಕಿಕೊಳ್ಳಬೇಕಾದರೆ ಐದು ವರ್ಷದ ಬಿಆರ್ಕ್ ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ರಿಜಿಸ್ಟರ್ ಆಗಬೇಕು. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಹಾಗೆ ಹೇಳುತ್ತದೆ. ತಮಾಷೆ ಎಂದರೆ ಕಾಯಿದೆ ಕಾಯುವುದು ಹೆಸರನ್ನು ಮಾತ್ರ, ಕೆಲಸವನ್ನಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಹಾಗಾಗಿ ಸಿವಿಲ್‌ನವರು ಮನೆ ಡಿಸೈನ್ ಮಾಡುವುದು ತಪ್ಪಲ್ಲ, ಬೋರ್ಡಿನಲ್ಲಿ ಆರ್ಕಿಟೆಕ್ಟ್ ಎಂದು ಬರೆಯುವುದು ತಪ್ಪು. ಪ್ಲಾನಿಗೆ ಯಾರ ಸಹಿ ನಡೆಯುತ್ತದೆ ಎನ್ನುವುದು ಬೇರೆ ವಿಷಯ, ಅದನ್ನು ಆಯಾ ಊರಿನ ಪಾಲಿಕೆ, ಪುರಸಭೆಯ ನಿಯಮ ನೋಡಿಕೊಳ್ಳುತ್ತದೆ.

ಸೇರಬೇಕಾದರೆ ನಾಟಾ ಎಂಬ ಪರೀಕ್ಷೆ ಬರೆಯಬೇಕು. ಕರ್ನಾಟಕದಲ್ಲಿ ಪರೀಕ್ಷಾ ಪ್ರಾಧಿಕಾರ ಕೆಇಎ ರ‍್ಯಾಂಕ್ ಕೊಡುವಾಗ ಪಿಯು ಮಾರ್ಕು ಅರ್ಧ, ನಾಟಾ ಅರ್ಧ. ನಮ್ಮ ಕಡೆ ಮಣಿಪಾಲ, ದೇರಳಕಟ್ಟೆಯ ನಿಟ್ಟೆ, ಬ್ಯಾರೀಸ್‌ನವರ ಬೀಡ್ಸ್ ಹೀಗೆ ಕೆಲವು ಕಾಲೇಜು ಉಂಟು. ಸುರತ್ಕಲ್ ಎನ್‌ಐಟಿಕೆಯಲ್ಲಿ ಬಿಆರ್ಕ್ ಇಲ್ಲ, ತುಂಬ ಜನ ಇದೆ ಎಂದುಕೊಂಡು ನನ್ನನ್ನು ಕೇಳುತ್ತಾರೆ.

ಖರ್ಚು ಫೀಸಿಗೆ ಮುಗಿಯುವುದಿಲ್ಲ ಮಾವ. ಮಾಡೆಲ್ ಮಾಡುವ ಬೋರ್ಡು, ಪ್ರಿಂಟು, ಲ್ಯಾಪ್‌ಟಾಪು. ನಾವು ರಾತ್ರಿಯೆಲ್ಲ ಕೂತು ಕತ್ತರಿಸಿ ಅಂಟಿಸಿದ ಮಾಡೆಲನ್ನು ಜ್ಯೂರಿಯ ದಿನ, ಎಂದರೆ ನಮ್ಮ ಕೆಲಸ ಪರೀಕ್ಷಿಸುವ ದಿನ, ಒಬ್ಬರು ಬಂದು ಕಿರುಬೆರಳಿನಲ್ಲಿ ಅದರ ಮಾಡು (ಛಾವಣಿ) ಎತ್ತಿ ನೋಡುತ್ತಾರೆ. "ಈ ರೂಮಿಗೆ ಗಾಳಿ ಎಲ್ಲಿಂದ?" ಎಂದು ಒಂದೇ ಪ್ರಶ್ನೆ. ನಾನು ಒಮ್ಮೆ ಫ್ಯಾನ್ ಅಂದೆ. ಆಮೇಲೆ ನಡೆದದ್ದು ಇಲ್ಲಿ ಬೇಡ.

ಮುಖ್ಯ ಮಾತು ಇದು. ಡಿಪ್ಲೊಮಾ ಮಾಡಿದರೆ ಬಿಆರ್ಕ್ ಬಾಗಿಲು ಮುಚ್ಚುವುದಿಲ್ಲ. ಗಣಿತ ಇರುವ ಮೂರು ವರ್ಷದ ಡಿಪ್ಲೊಮಾ ಆದರೆ ನಾಟಾ ಬರೆದು ಬರಬಹುದು. ಮೊದಲ ವರ್ಷದಿಂದಲೇ ಶುರು ಮಾಡಬೇಕು, ಅಷ್ಟೇ. ಸಿವಿಲ್ ಬಿಇಗಾದರೆ ಡಿಸಿಇಟಿ ಎಂಬ ಪರೀಕ್ಷೆ ಬರೆದು ಎರಡನೇ ವರ್ಷಕ್ಕೆ ನೇರ ಹೋಗಬಹುದು, ನಮ್ಮಲ್ಲಿ ಹಾಗಿಲ್ಲ. ನನ್ನ ಕ್ಲಾಸಿನಲ್ಲಿ ಡಿಪ್ಲೊಮಾದಿಂದ ಬಂದ ಒಬ್ಬಳು ಇದ್ದಾಳೆ. ಬಾಗಿಲು ಕಿಟಕಿಯ ಮೇಲಿನ ಲಿಂಟಲ್ ಯಾವ ಎತ್ತರದಲ್ಲಿ ಬರುತ್ತದೆ ಎಂದು ನಾವೆಲ್ಲ ಅವಳನ್ನೇ ಕೇಳುವುದು.

ಗೂಗಲ್ ಗುರು

ಇದೆಲ್ಲ ಇನ್ನು ಎರಡು ವರ್ಷ ಅಷ್ಟೇ. ಎಐಗೆ ಸೈಟಿನ ಅಳತೆ ಕೊಟ್ಟರೆ ಹತ್ತು ಪ್ಲಾನ್ ಕೊಡುತ್ತದೆ. ಮಕ್ಕಳನ್ನು ಸುಮ್ನೆ ಈ ಕಡೆ ಹಾಕಿ ಹಾಳು ಮಾಡಬೇಡಿ.

ಕೆಂಪುಕಲ್ಲು

ಗುರುಗಳೇ, ಹೋದ ತಿಂಗಳು ಅಂಥ ಒಂದು ಪ್ಲಾನ್ ನನ್ನ ಕೈಗೇ ಬಂತು. ನಾನು ಕಾಂಟ್ರಾಕ್ಟರ್, ಸುರತ್ಕಲ್‌ನಿಂದ ಮೂಲ್ಕಿವರೆಗೆ ಕೆಲಸ. ಮನೆಯವರ ಮಗ ಬೆಂಗಳೂರಿನಿಂದ ಮೊಬೈಲಿಗೆ ಕಳಿಸಿದ್ದು. ನೋಡಲಿಕ್ಕೆ ಭಾರಿ ಚಂದ. ಮಾಡು ಚಪ್ಪಟೆ, ಗೋಡೆಗೆ ಒಂದು ಸನ್‌ಶೇಡ್ ಇಲ್ಲ, ಪಶ್ಚಿಮಕ್ಕೆ ಪೂರ್ತಿ ಗಾಜು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಮಾರಾಯ್ರೆ, ಅದೂ ಗಾಳಿಯ ಜೊತೆ ಅಡ್ಡಕ್ಕೆ ಬಡಿಯುವ ಮಳೆ. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಹಾಕಿದ್ದು ಸುಮ್ನೆಯಾ? ನಾನು ಆ ಪ್ಲಾನ್ ನೋಡಿ, ಜೂನ್‌ನಲ್ಲಿ ಸೋಫಾ ಎಲ್ಲಿಡುತ್ತೀರಿ ಎಂದು ಕೇಳಿದೆ ಅಷ್ಟೇ.

ಆದರೆ ನನ್ನ ದೂರು ಎಐ ಮೇಲಲ್ಲ. ಕಲಿತವರ ಡ್ರಾಯಿಂಗ್ ಬಗ್ಗೆಯೇ ಹೇಳಬೇಕು. ಅಡ್ಡಕ್ಕೆ ಇರುವ ಅಳತೆ ಒಟ್ಟು ಕೂಡಿಸಿದರೆ ಹೊರಗಿನ ಅಳತೆ ಬರಬೇಕಲ್ಲ? ಹತ್ತರಲ್ಲಿ ಮೂರು ಡ್ರಾಯಿಂಗ್‌ನಲ್ಲಿ ಬರುವುದಿಲ್ಲ. ಎಲ್ಲೋ ಗೋಡೆ ಸರಿಸಿರುತ್ತಾರೆ, ಅಂಕಿ ಹಾಗೇ ಇರುತ್ತದೆ. ಸೆಂಟರ್ ಲೈನ್ ಹಾಕುವ, ಎಂದರೆ ಗೋಡೆಯ ನಡುಗೆರೆಯನ್ನು ಜಾಗದಲ್ಲಿ ಗುರುತಿಸುವ ದಿನ ಬೆಳಿಗ್ಗೆ ಆರಕ್ಕೆ ಆಳು ಬಂದು ನಿಂತಿರುತ್ತಾರೆ, ಜೆಸಿಬಿ ಗಂಟೆ ಲೆಕ್ಕದಲ್ಲಿ ಓಡುತ್ತಿರುತ್ತದೆ, ನಾನು ಕ್ಯಾಲ್ಕುಲೇಟರ್ ಹಿಡಿದು ಕೂರುವುದು.

ಇನ್ನೊಂದು ಪ್ರಿಂಟಿನದ್ದು. 1:100 ಎಂದು ಕೆಳಗೆ ಬರೆದಿರುತ್ತದೆ, ಹಾಳೆಯ ಒಂದು ಸೆಂಟಿಮೀಟರ್ ಎಂದರೆ ನಿಜದಲ್ಲಿ ನೂರು ಎಂದು. ಜೆರಾಕ್ಸ್ ಅಂಗಡಿಯವ ಎ3 ಹಾಳೆಯದ್ದನ್ನು ಎ4ಗೆ ಕುಗ್ಗಿಸಿ ಕೊಟ್ಟಿರುತ್ತಾನೆ. ಮೇಸ್ತ್ರಿ ಸ್ಕೇಲ್ ಇಟ್ಟು ಅಳೆದು ಕಿಟಕಿಗೆ ಜಾಗ ಬಿಡುತ್ತಾನೆ. ಆಮೇಲೆ ಕಿಟಕಿ ಕೂರುವುದಿಲ್ಲ. ಬೈಗುಳ ಮಾತ್ರ ನನಗೆ. ಡ್ರಾಯಿಂಗ್ ಬರೆಯುವವರು ಬೇಕಾದ ಅಳತೆಯನ್ನೆಲ್ಲ ಅಂಕಿಯಲ್ಲೇ ಬರೆಯಬೇಕು, ಹಾಳೆಯ ಮೇಲೆ ಅಳೆಯುವ ಪ್ರಸಂಗವೇ ಬರಬಾರದು.

ಮಾವ, ಹುಡುಗಿ ಯಾವ ಕೋರ್ಸೇ ಮಾಡಲಿ, ರಜೆಯಲ್ಲಿ ಒಂದು ತಿಂಗಳು ಸೈಟಿಗೆ ಕಳಿಸಿ. ಕಲ್ಲು ಹೊರಬೇಕಾಗಿಲ್ಲ. ನಿಂತು ನೋಡಿದರೆ ಸಾಕು.

ಮಸ್ಕತ್ ರಿಟರ್ನ್

ನಾನು 2006ರಲ್ಲಿ ಡಿಪ್ಲೊಮಾ ಸಿವಿಲ್ ಮುಗಿಸಿ ಗಲ್ಫಿಗೆ ಹೋದವನು. ಮೊದಲು ದುಬೈ. 2009ರಲ್ಲಿ ಅಲ್ಲಿ ಕೆಲಸ ಎಲ್ಲ ನಿಂತು, ಒಂದೇ ವಾರದಲ್ಲಿ ನಮ್ಮ ಡ್ರಾಫ್ಟಿಂಗ್ ರೂಮ್ ಖಾಲಿ ಆಯಿತು. ಊರಿಗೆ ಬಂದು ಎಂಟು ತಿಂಗಳು ಕೂತು ಆಮೇಲೆ ಮಸ್ಕತ್. ಹೇಳಲಿಕ್ಕೆ ಕಾರಣ ಉಂಟು. ಆ ಕಾಲದಲ್ಲಿ ಉಳಿದುಕೊಂಡವರು ಯಾರು ಎಂದರೆ ಎಸಿ ಡಕ್ಟು, ಪೈಪು, ಕರೆಂಟಿನ ಡ್ರಾಯಿಂಗ್ ಕೂಡ ಗೊತ್ತಿದ್ದವರು. ಬರೀ ಗೋಡೆ ಬಾಗಿಲು ಬರೆಯುತ್ತಿದ್ದ ನಮ್ಮಂಥವರು ಮೊದಲು ಹೊರಗೆ.

ಈಗ ದೊಡ್ಡ ಕಂಪನಿಗಳಲ್ಲಿ ರೆವಿಟ್ ಎಂಬ ಸಾಫ್ಟ್‌ವೇರ್ ಬಂದಿದೆ. ಅಲ್ಲಿ ಗೆರೆ ಎಳೆಯುವುದಲ್ಲ, ಗೋಡೆಯನ್ನೇ ಇಡುವುದು. ಗೋಡೆಗೆ ದಪ್ಪ, ಎತ್ತರ, ಯಾವ ಕಲ್ಲು ಎಲ್ಲ ಹೇಳಬೇಕು. ಒಂದು ಕಡೆ ಕಿಟಕಿ ಸರಿಸಿದರೆ ಪ್ಲಾನ್, ಸೆಕ್ಷನ್, ಎಲಿವೇಷನ್ (ಹೊರಗಿನ ನೋಟ) ಮೂರರಲ್ಲೂ ತಾನೇ ಸರಿಯುತ್ತದೆ. ಕೆಂಪುಕಲ್ಲಿನವರು ಹೇಳಿದ ತಾಳೆಯಾಗದ ಅಳತೆಯ ರಗಳೆ ಅಲ್ಲಿ ಕಮ್ಮಿ. ಆದರೆ ಗೋಡೆ ಹೇಗೆ ಕಟ್ಟುತ್ತಾರೆ ಎಂದು ಗೊತ್ತಿಲ್ಲದವನಿಗೆ ರೆವಿಟ್ ಇನ್ನೂ ಕಷ್ಟ. ಅದು ಪ್ರತಿಯೊಂದಕ್ಕೂ ಪ್ರಶ್ನೆ ಕೇಳುತ್ತದೆ, ಉತ್ತರ ನಮ್ಮ ತಲೆಯಲ್ಲಿ ಇರಬೇಕು.

ಸಾಫ್ಟ್‌ವೇರಿಗೆ ದುಡ್ಡು ಕೊಡಬೇಡಿ. ಕಾಲೇಜಿನಲ್ಲಿ ಓದುತ್ತಿದ್ದಾಳೆ ಎಂದು ದಾಖಲೆ ತೋರಿಸಿದರೆ ಆಟೋಡೆಸ್ಕ್‌ನವರು ಆಟೋಕ್ಯಾಡ್, ರೆವಿಟ್ ಎರಡನ್ನೂ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತಾರೆ. ವರ್ಷಕ್ಕೊಮ್ಮೆ ನವೀಕರಿಸಬೇಕು. ಡಿಪ್ಲೊಮಾ ಮುಗಿದ ಮೇಲೆ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಕೂಡ ಉಂಟು, ಕೇಂದ್ರ ಸರ್ಕಾರದ್ದು. 2019ರ ನಿಯಮದಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ ಕನಿಷ್ಠ 8,000 ಇಟ್ಟಿದ್ದರು. ದೊಡ್ಡ ದುಡ್ಡಲ್ಲ. ಆದರೆ 70,000 ಕೊಟ್ಟು ಕಲಿಯುವುದಕ್ಕಿಂತ ತಿಂಗಳಿಗೆ ಅಷ್ಟಾದರೂ ತೆಗೆದುಕೊಂಡು ಕಲಿಯುವುದು ಮೇಲಲ್ವಾ?

ಪಂಚಾಯತಿ ಫೈಲು

ನನ್ನದೂ ಎರಡು ಮಾತು. ಇಲ್ಲಿ ಎಲ್ಲರೂ ಚಂದದ ಡ್ರಾಯಿಂಗ್ ಬಗ್ಗೆಯೇ ಹೇಳುತ್ತಿದ್ದೀರಿ. ಊರಿನ ಸಣ್ಣ ಆಫೀಸಿನಲ್ಲಿ ಹೊಸಬರು ಮೊದಲ ಎರಡು ವರ್ಷ ಮಾಡುವುದು ಲೈಸನ್ಸ್ ಡ್ರಾಯಿಂಗ್. ಗಿರಾಕಿ ಬಂದ ಕೂಡಲೇ ಎಷ್ಟು ಬೆಡ್‌ರೂಮ್ ಎಂದು ಕೇಳುವುದಲ್ಲ. ಕೃಷಿ ಜಾಗ ಮನೆಗೆಂದು ಕನ್ವರ್ಷನ್ ಆಗಿದೆಯಾ? ಪಂಚಾಯತಿ ಆದರೆ ನೈನ್-ಇಲೆವೆನ್, ಎಂದರೆ ಜಾಗದ ನಮೂನೆ 9, 11ರ ದಾಖಲೆ ಉಂಟಾ? ರಸ್ತೆ ಎಷ್ಟು ಅಗಲ? ಮಲ್ಪೆ, ಉಳ್ಳಾಲ ಕಡೆ ಸಮುದ್ರದ ಹತ್ತಿರ ಆದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಒಳಗೆ ಬರುತ್ತದಾ? ಭರತದ ಗೆರೆಯಿಂದ, ಎಂದರೆ ಸಮುದ್ರದ ನೀರು ಏರಿ ಬರುವ ಗಡಿಯಿಂದ 500 ಮೀಟರ್ ಒಳಗೆ ಎಂದರೆ ಲೆಕ್ಕಾಚಾರವೇ ಬೇರೆ.

ಗಿರಾಕಿ ಸೆಂಟ್ಸಿನಲ್ಲಿ ಮಾತಾಡುತ್ತಾರೆ, ಮೇಸ್ತ್ರಿ ಅಡಿಯಲ್ಲಿ, ಆಫೀಸಿಗೆ ಮೀಟರ್ ಬೇಕು. ಒಂದು ಸೆಂಟ್ಸ್ ಎಂದರೆ 435.6 ಚದರಡಿ. ಹತ್ತು ಸೆಂಟ್ಸ್ ಜಾಗ ಎಂದು ಖುಷಿಯಲ್ಲಿ ಬರುತ್ತಾರೆ. ನಾಲ್ಕೂ ಕಡೆ ಸೆಟ್‌ಬ್ಯಾಕ್, ಎಂದರೆ ಖಾಲಿ ಜಾಗ ಬಿಟ್ಟು, ಬಾವಿ, ಶೌಚದ ಪಿಟ್ ದೂರ ದೂರ ಇಟ್ಟು ಉಳಿದದ್ದನ್ನು ತೋರಿಸಿದರೆ ಮುಖ ಸಪ್ಪೆ. ಆ ಸಪ್ಪೆ ಮುಖಕ್ಕೆ ಸಮಾಧಾನ ಹೇಳುವುದು ಕೂಡ ಈ ಕೆಲಸದಲ್ಲೇ ಬರುತ್ತದೆ. ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ.

ಮೂಡುಬಿದಿರೆ ಮಾವ

ಇಷ್ಟು ಜನ ಬರೆಯುತ್ತೀರಿ ಎಂದು ನಾನು ಅಂದುಕೊಂಡಿರಲಿಲ್ಲ. ಉಪಕಾರ ಆಯ್ತು. 70,000ದ ಕೋರ್ಸ್ ಬಿಟ್ಟೆವು. ಪಾಲಿಟೆಕ್ನಿಕ್ ಅರ್ಜಿ ಹಾಕುವುದೆಂದು ಆಗಿದೆ, ಅಕ್ಕನೂ ಒಪ್ಪಿದಳು. ಕ್ಲಾಸ್ ಶುರುವಾಗುವವರೆಗೆ ಇವಳು ಮನೆಯಲ್ಲೇ. ಲ್ಯಾಪ್‌ಟಾಪ್ ಇಲ್ಲ. ಈ ಮಳೆಯಲ್ಲಿ ಸೈಟ್ ಕೆಲಸವೂ ಇಲ್ಲವಂತೆ. ಅಲ್ಲಿಯವರೆಗೆ ಏನಾದರೂ ಮಾಡಬಹುದಾ ಎಂದು ಕೇಳುತ್ತಿದ್ದಾಳೆ.

ಗೆರೆಗಾರ

ಉಂಟು. ಒಂದು ಐದು ಮೀಟರಿನ ಟೇಪು, ಒಂದು ಚೌಕುಳಿ ಪುಸ್ತಕ, ಪೆನ್ಸಿಲ್. ಇಷ್ಟೇ ಸಾಕು. ಸ್ವಂತ ಮನೆಯನ್ನು ಅಳೆದು ಬರೆಯಲಿ. ಹೊಸ ಮನೆ ಡಿಸೈನ್ ಮಾಡುವುದಲ್ಲ, ಇರುವ ಮನೆಯನ್ನು ಇರುವ ಹಾಗೆ. ಆಫೀಸಿಗೆ ಹೊಸಬರು ಬಂದರೆ ನಾನು ಮೊದಲ ವಾರ ಕೊಡುವುದು ಇದೇ ಕೆಲಸ. ಸುಲಭ ಎಂದುಕೊಂಡು ಹೋದವರು ಸಂಜೆ ತಲೆ ಕೆರೆದುಕೊಂಡು ಬರುತ್ತಾರೆ.

ಚೌಕುಳಿಯ ಒಂದು ಚೌಕ ಎಂದರೆ ಒಂದು ಅಡಿ ಎಂದು ಇಟ್ಟುಕೊಳ್ಳಲಿ. ಮೊದಲು ಕೈಯಲ್ಲಿ ಒಂದು ಕಚ್ಚಾ ಚಿತ್ರ, ಅದರ ಮೇಲೆ ಅಳತೆ, ಆಮೇಲೆ ಸಾಪಾಗಿ ಇನ್ನೊಂದು. ಟೇಪಿನ ಒಂದು ತುದಿ ಹಿಡಿಯಲು ತಮ್ಮನೋ ತಂಗಿಯೋ ಬೇಕು. ಮೂಲೆಗೆ ಟೇಪು ಬಗ್ಗಿಸಿ ಅಂದಾಜಿನಲ್ಲಿ ಓದಬಾರದು. ಹಳೆಯ ಹೆಂಚಿನ ಮನೆ ಆದರೆ ಅದೃಷ್ಟ. ಚಾವಡಿ, ಜಗಲಿ, ಮಾಡಿನ ಇಳಿಜಾರು, ಹೆಂಚು ಹೊರುವ ಪಕ್ಕಾಸು, ರೀಪಿನ ಮರ ಎಲ್ಲ ಕಣ್ಣೆದುರು ಸಿಗುತ್ತದೆ. ಮಣಿಪಾಲದ ಹಸ್ತಶಿಲ್ಪದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಒಂದೊಂದು ಮರ ಬಿಚ್ಚಿ ತಂದು ಪುನಃ ಜೋಡಿಸಿ ನಿಲ್ಲಿಸಿದರಲ್ಲ, ಮಳೆ ಬಿಟ್ಟ ದಿನ ಅದನ್ನೂ ತೋರಿಸಿ. ಮುಗಿದ ಮೇಲೆ ಫೋಟೋ ತೆಗೆದು ಇಲ್ಲೇ ಹಾಕಲಿ.

ಮೂಡುಬಿದಿರೆ ಮಾವ

ನಮಸ್ತೆ ಸರ್, ಮಾವನ ಫೋನಿನಿಂದ ನಾನೇ ಬರೆಯುತ್ತಿದ್ದೇನೆ. ಅಳೆದೆ. ಮೂರು ದಿನ ಬೇಕಾಯಿತು. ತಮ್ಮ ಟೇಪು ಸರಿಯಾಗಿ ಹಿಡಿಯುವುದಿಲ್ಲ, ಹತ್ತು ರೂಪಾಯಿ ಕೇಳುತ್ತಾನೆ.

ಒಂದು ಕಡೆ ಲೆಕ್ಕ ಸರಿ ಬರುತ್ತಿಲ್ಲ. ಎದುರಿನಿಂದ ಸಾಲಾಗಿ ಮೂರು ಕೋಣೆ ಇದೆ. ಒಳಗಿನ ಅಳತೆ 10 ಅಡಿ, 9 ಅಡಿ 4 ಇಂಚು, 8 ಅಡಿ 2 ಇಂಚು. ಒಟ್ಟು 27 ಅಡಿ 6 ಇಂಚು. ಗೋಡೆ ನಾಲ್ಕು. ಒಂದಕ್ಕೆ 9 ಇಂಚಿನ ಹಾಗೆ 3 ಅಡಿ ಸೇರಿಸಿದರೆ 30 ಅಡಿ 6 ಇಂಚು ಬರಬೇಕು. ಆದರೆ ಹೊರಗಿನಿಂದ ಅಳೆದರೆ 31 ಅಡಿ 2 ಇಂಚು. ಎಂಟು ಇಂಚು ಎಲ್ಲಿ ಹೋಯಿತು ಎಂದು ಗೊತ್ತಾಗುತ್ತಿಲ್ಲ. ಎರಡು ಸಲ ಅಳೆದೆ.

ಗೆರೆಗಾರ

ಗೋಡೆ 9 ಇಂಚು ಎಂದು ಯಾರು ಹೇಳಿದರು?

ಮೂಡುಬಿದಿರೆ ಮಾವ

ಯೂಟ್ಯೂಬ್‌ನಲ್ಲಿ ಸರ್. ಹೊರಗಿನ ಗೋಡೆ 9 ಇಂಚು ಇರುತ್ತದೆ ಎಂದಿದ್ದರು.

ಕೆಂಪುಕಲ್ಲು

ಹ್ಹ ಹ್ಹ. ಮಗಾ, ಅದು ಇಟ್ಟಿಗೆಯ ಊರಿನ ಲೆಕ್ಕ. ನಿಮ್ಮದು ಮುರಕಲ್ಲಿನ ಮನೆ. ಹಿಂದೆ ಕಲ್ಲನ್ನು ಕೊಡಲಿಯಲ್ಲಿ ಕೆತ್ತುತ್ತಿದ್ದರು, ಒಂದೊಂದು ಒಂದೊಂದು ಗಾತ್ರ. ಅದಕ್ಕೆ ಎರಡೂ ಕಡೆ ಸಾರಣೆ ಬೇರೆ. ಬಾಗಿಲು ಇರುವಲ್ಲಿ ಹೋಗಿ ಗೋಡೆಯ ದಪ್ಪ ಅಳೆ. ದಾರಂದದ್ದು (ಬಾಗಿಲಿನ ಚೌಕಟ್ಟಿನದ್ದು) ಅಲ್ಲ, ಗೋಡೆಯದ್ದು. ಒಂದು ಕಡೆಯ ಸಾರಣೆಯಿಂದ ಇನ್ನೊಂದು ಕಡೆಯ ಸಾರಣೆಯವರೆಗೆ.

ಮೂಡುಬಿದಿರೆ ಮಾವ

11 ಇಂಚು! ನಾಲ್ಕು ಗೋಡೆಗೆ 3 ಅಡಿ 8 ಇಂಚು. ಈಗ 31 ಅಡಿ 2 ಇಂಚು ಸರಿಯಾಗಿ ಬಂತು.

ಕುಂದಾಪ್ರ ಕಾಣಿ

ಹ್ವಾಯ್, ನಾ ಇದ್ರಾಗೆ ಎಂತದೂ ಗೊತ್ತಿಲ್ದವ. ಬೋಟಿನ ಕೆಲ್ಸ. ಆದ್ರೂ ರಾತ್ರಿ ಮಲ್ಕಂಬುಕ್ ಮುಂಚೆ ಟೇಪ್ ತಕಂಡ್ ನಮ್ ಮನಿ ಗ್ವಾಡಿ ಅಳ್ದೆ. ಹನ್ನೆರಡ್ ಇಂಚ್. ಹೆಂಡ್ತಿ ನಂಗೆ ತಲಿ ಸಮ ಇಲ್ಲೆ ಅಂದ್ಲ್.

ಜ್ಯೂರಿ ಭಯ

ನಾವು ಮೊದಲ ವರ್ಷ ಕ್ಯಾಂಪಸ್ಸಿನ ಕ್ಯಾಂಟೀನ್ ಅಳೆದಾಗ 20 ಜನ ಇದ್ದೆವು. ಆದರೂ ತಾಳೆ ಆಗಿರಲಿಲ್ಲ. ತಂಗಿ, ಇನ್ನೊಂದು ಮಾಡು. ಪ್ರತಿ ಕೋಣೆಯಲ್ಲೂ ಮೂಲೆಯಿಂದ ಮೂಲೆಗೆ ಅಡ್ಡ ಅಳತೆ ತೆಗೆ, ಎರಡೂ ಕಡೆಯದ್ದು. ಕೋಣೆ ಸರಿ ಚೌಕವಾಗಿದ್ದರೆ ಎರಡೂ ಒಂದೇ ಬರಬೇಕು.

ಮೂಡುಬಿದಿರೆ ಮಾವ

ಅಕ್ಕ, ಅಳೆದೆ. ಎರಡು ಕೋಣೆ ಸರಿ ಇದೆ. 10 ಅಡಿಯ ಕೋಣೆ ಉದ್ದಕ್ಕೆ 12 ಅಡಿ. ಅದರ ಒಂದು ಅಡ್ಡ ಅಳತೆ 15 ಅಡಿ 9 ಇಂಚು, ಇನ್ನೊಂದು 15 ಅಡಿ 6 ಇಂಚು. ಮೂರು ಇಂಚು ವ್ಯತ್ಯಾಸ. ಈ ಸಲ ತಮ್ಮನನ್ನು ಬಿಟ್ಟು ಅಮ್ಮನ ಹತ್ತಿರ ಟೇಪು ಹಿಡಿಸಿದ್ದು, ಹಾಗಾಗಿ ಅಳತೆ ತಪ್ಪಿಲ್ಲ.

ಗೆರೆಗಾರ

ತಪ್ಪಿಲ್ಲ, ನಾನು ಲೆಕ್ಕ ಹಾಕಿ ನೋಡಿದೆ. 10ಕ್ಕೆ 12ರ ಕೋಣೆ ಸರಿ ಮೂಲೆಮಟ್ಟಕ್ಕೆ ಇದ್ದರೆ ಎರಡೂ 15 ಅಡಿ ಏಳೂವರೆ ಇಂಚಿನ ಹತ್ತಿರ ಬರಬೇಕಿತ್ತು. ನಿನಗೆ ಬಂದ ಎರಡೂ ಅದರ ಆಚೆ ಈಚೆ ಸರಿಸಮ ಉಂಟು. ಎಂದರೆ ಕೋಣೆಯೇ ವಾರೆ. ಆ 12 ಅಡಿ ಉದ್ದದಲ್ಲಿ ಗೋಡೆ ಎರಡು ಇಂಚು ಚಿಲ್ಲರೆ ಒಂದು ಬದಿಗೆ ಹೋಗಿದೆ. ಈಗ ಅದನ್ನು ಚೌಕ ಮಾಡಿ ಚಂದ ಕಾಣುವ ಹಾಗೆ ಬರೆಯಬೇಡ. ವಾರೆ ಇದ್ದರೆ ವಾರೆಯೇ ಬರೆ.

ಕೆಂಪುಕಲ್ಲು

ಉಳಿದ ಎರಡು ಸರಿ ಇದ್ದು ಒಂದೇ ವಾರೆ ಎಂದರೆ ಮೇಸ್ತ್ರಿಗೆ ಮೂಲೆಮಟ್ಟ ನೋಡುವ ಮೂರು-ನಾಲ್ಕು-ಐದರ ಲೆಕ್ಕ ಗೊತ್ತಿರಲಿಲ್ಲ ಎಂದಲ್ಲ. ಅಲ್ಲಿ ಏನೋ ಕಾರಣ ಇರಬೇಕು. ಮನೆ ಕಟ್ಟಿಸಿದವರು ಇದ್ದಾರಾ?

ಮೂಡುಬಿದಿರೆ ಮಾವ

ಅಜ್ಜ ಇದ್ದಾರೆ. ಮೊನ್ನೆ ಗೋಡೆ ವಾರೆ ಎಂದದ್ದಕ್ಕೆ ಸಿಟ್ಟು ಬಂದು, ನಿನ್ನ ಟೇಪು ವಾರೆ ಎಂದರು. ಊಟಕ್ಕೂ ಮಾತಾಡಲಿಲ್ಲ. ಇವತ್ತು ಬೆಳಿಗ್ಗೆ ಅವರೇ ಬಂದು ನನ್ನ ಪುಸ್ತಕ ನೋಡಿದರು. ಆ ಮೂಲೆಗೆ ಬೆರಳಿಟ್ಟು, ಇಲ್ಲಿ ಹಲಸಿನ ಮರ ಇತ್ತು ಎಂದರು. ಪಂಚಾಂಗ (ಅಡಿಪಾಯ) ತೋಡುವಾಗ ಬೇರು ಸಿಕ್ಕಿತಂತೆ. ಮೇಸ್ತ್ರಿ ಕಡಿಯುವ ಎಂದದ್ದಕ್ಕೆ ಅಜ್ಜಿ ಬಿಡಲಿಲ್ಲವಂತೆ, ಒಳ್ಳೆ ಬಕ್ಕೆ ಹಲಸು ಎಂದು. ಅದಕ್ಕೆ ಗೋಡೆಯನ್ನೇ ಸ್ವಲ್ಪ ತಿರುಗಿಸಿದ್ದು. ಮರ ಆಮೇಲೆ ನಾನು ಹುಟ್ಟುವ ಮೊದಲೇ ಗಾಳಿಗೆ ಬಿತ್ತಂತೆ.

ಸರ್, ಈಗ ಇಲ್ಲದ ಮರವನ್ನು ಪ್ಲಾನಿನಲ್ಲಿ ತೋರಿಸಬಹುದಾ? ಯಾವ ಗೆರೆ ಹಾಕಬೇಕು?

ಗೆರೆಗಾರ

ಚುಕ್ಕೆ ಗೆರೆ. ಬುಡ ಎಷ್ಟು ದಪ್ಪ ಇತ್ತು ಎಂದು ಅಜ್ಜನನ್ನೇ ಕೇಳಿ ಬರೆ.